ಮೇಲ್ ಮೇಡಂ

ಅವರನ್ನು ಮೊದಲ ಸಲ ನೋಡಿದಾಗ ಅವರು ಕಂಪ್ಯೂಟರಿನ ಕೀಲಿಮಣೆ ಬಡಿಯುತ್ತಿದ್ದರು ಎಂದು ನನ್ನ ನೆನಪು ಹೇಳುತ್ತದೆ. ಆ ದಿನ ಬೆಳಗ್ಗೆಯಿಂದ ಕರೆಂಟ್ ಇರಲಿಲ್ಲ, ಎಸಿ ರಿಪೇರಿ ಮಾಡುವವರ ಆಫೀಸಿನಲ್ಲೇ ಹೀಗೆ ಬೆವರಬೇಕಾಯಿತಲ್ಲ ಎಂದು ನಾನು ಒಳಗೊಳಗೇ ನಕ್ಕಿದ್ದೆ ಎಂದೂ ಅದೇ ನೆನಪು ಹೇಳುತ್ತದೆ. ಕರೆಂಟ್ ಇಲ್ಲದೆ ಕಂಪ್ಯೂಟರ್ ಬಡಿಯುವುದು ಹೇಗೆ? ಎರಡರಲ್ಲಿ ಒಂದನ್ನು ನಾನು ಆಮೇಲೆ ಸೇರಿಸಿಕೊಂಡಿದ್ದೇನೆ. ಯಾವುದನ್ನು ಎಂದು ಗೊತ್ತಿಲ್ಲ. ಆದ್ದರಿಂದ ಮುಂದೆ ಬರೆಯುವುದನ್ನೂ ಓದುವವರು ಸ್ವಲ್ಪ ಎಚ್ಚರದಿಂದಲೇ ಓದಬೇಕು.

ಖಚಿತವಾಗಿ ಹೇಳಬಲ್ಲದ್ದು ಇಷ್ಟು. ಹೊಸಕೋಟೆಯಲ್ಲಿ ಎಸಿ, ಕೋಲ್ಡ್ ರೂಮುಗಳನ್ನು ಕೂರಿಸಿ, ವರ್ಷವಿಡೀ ನೋಡಿಕೊಳ್ಳುವ ಒಂದು ಸಣ್ಣ ಸಂಸ್ಥೆ. ಎಂಟು ಜನ ಮೆಕ್ಯಾನಿಕ್‌ಗಳು, ಒಬ್ಬರು ಯಜಮಾನರು, ಗಿರಾಕಿಗಳ ಇ-ಮೇಲ್‌ಗೆ ಉತ್ತರ ಬರೆಯಲು ಇವರು. ಪಿಯುಸಿ ಓದಿ, ಟೈಪಿಂಗ್ ಕಲಿತು, ಸಮೇತನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಟೈಪ್‌ರೈಟರ್ ಬಡಿದು ಪಳಗಿದ ಬೆರಳುಗಳು ಕಂಪ್ಯೂಟರಿಗೆ ಬಂದ ಮೇಲೂ ಮೆತ್ತಗಾಗಲಿಲ್ಲ. ಸಂಜೆ ಹೊರಡುವ ಮುಂಚೆ ಮಾನಿಟರಿನ ಮೇಲೆ ಒಂದು ಟವೆಲ್ ಹೊದಿಸಿ, ಅಂಚು ಎಳೆದು ಸರಿಮಾಡಿ ಹೋಗುತ್ತಿದ್ದರು. ಮೆಕ್ಯಾನಿಕ್‌ಗಳಿಗೆ ಅವರು ಅಕ್ಕ. ಗಿರಾಕಿಗಳಿಗೆ ಮೇಲ್ ಮೇಡಂ. ಇಂಗ್ಲಿಷ್ ಎಂಎ ಮುಗಿಸಿ ಎಲ್ಲೂ ಕೆಲಸ ಸಿಗದೆ ಅವರ ಪಕ್ಕದ ಕುರ್ಚಿಗೆ ಬಂದು ಕೂತ ನನಗೆ ಬರೀ ಮೇಡಂ.

ನನ್ನನ್ನು ಸೇರಿಸಿಕೊಂಡದ್ದು ಅವರ ಇಂಗ್ಲಿಷನ್ನು ತಿದ್ದಲಿಕ್ಕೆ. ದೊಡ್ಡ ಕಂಪನಿಗಳ ಕೆಲಸ ಬರುತ್ತಿತ್ತು. ನಮ್ಮ ಮೇಲ್‌ಗಳು ಹಳ್ಳಿ ಪತ್ರದ ಹಾಗಿರುತ್ತವೆ ಎಂದು ಯಜಮಾನರಿಗೆ ಸಂಕೋಚ. ಅದನ್ನು ಅವರು ಮೇಡಂ ಎದುರಿಗೇ ಹೇಳಿದರು. ಮೇಡಂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಕುರ್ಚಿ ಸರಿಸಿ ಜಾಗ ಕೊಟ್ಟರು.

ಮೊದಲ ವಾರದಲ್ಲೇ ಒಂದು ಕಲ್ಯಾಣ ಮಂಟಪದವರಿಂದ ಸಿಡುಕಿನ ಮೇಲ್ ಬಂತು. ಸಭಾಂಗಣದ ಎಸಿ ಬಿಸಿಗಾಳಿ ಬಿಡುತ್ತಿದೆ, ನಾಳೆ ಆರತಕ್ಷತೆ. ನಾನು ಒಂದು ಗಂಟೆ ಕೂತು ಉತ್ತರ ಬರೆದೆ. ಅನಾನುಕೂಲಕ್ಕೆ ವಿಷಾದವಿತ್ತು, ಗುಣಮಟ್ಟಕ್ಕೆ ಬದ್ಧತೆಯಿತ್ತು, ದೀರ್ಘಕಾಲದ ಬಾಂಧವ್ಯದ ಬಗ್ಗೆ ಒಂದು ತುಂಬು ವಾಕ್ಯವಿತ್ತು. ಅವರು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು.

"ತುಂಬಾ ಚೆನ್ನಾಗಿದೆ ಕಣಪ್ಪಾ. ಮುನಿರಾಜು ಎಷ್ಟೊತ್ತಿಗೆ ಹೋಗ್ತಾನೆ?"

ಅದು ಮೇಲ್‌ನಲ್ಲಿ ಇರಲಿಲ್ಲ. ಅದು ನನಗೆ ಗೊತ್ತೂ ಇರಲಿಲ್ಲ. ಅವರು ಫೋನ್ ತೆಗೆದು ಮೆಕ್ಯಾನಿಕ್ ಮುನಿರಾಜುವಿಗೆ ಮಾಡಿ, ಎಲ್ಲಿದ್ದಾನೆ, ಅಲ್ಲಿನ ಕೆಲಸ ಎಷ್ಟು ಉಳಿದಿದೆ, ಸ್ಕೂಟರಿಗೆ ಪೆಟ್ರೋಲ್ ಇದೆಯೇ ಎಂದು ಕೇಳಿದರು. ಆಮೇಲೆ ನಾಲ್ಕು ಸಾಲು ಬರೆದರು. ನಮ್ಮ ಮೆಕ್ಯಾನಿಕ್ ಈಗ ಅನುಗೊಂಡನಹಳ್ಳಿಯಲ್ಲಿ ಒಂದು ಕೆಲಸ ಮುಗಿಸುತ್ತಿದ್ದಾನೆ. ನಾಲ್ಕು ಗಂಟೆಗೆ ನಿಮ್ಮಲ್ಲಿರುತ್ತಾನೆ. ತಡವಾಗುವ ಹಾಗಿದ್ದರೆ ಮೂರೂವರೆಗೇ ನಾನು ಬರೆಯುತ್ತೇನೆ. ಅಷ್ಟರವರೆಗೆ ಮೆಷಿನ್ ಆಫ್ ಮಾಡಿಡಿ. ಇಂಗ್ಲಿಷ್ ಅಷ್ಟೇನೂ ಚೆನ್ನಾಗಿರಲಿಲ್ಲ. ಐದು ನಿಮಿಷದಲ್ಲಿ ಮಂಟಪದವರಿಂದ ಥ್ಯಾಂಕ್ಸ್ ಬಂತು. ನನ್ನ ಒಂದು ಗಂಟೆಯ ಮೇಲ್ ಕಂಪ್ಯೂಟರಿನಲ್ಲೇ ಉಳಿಯಿತು.

ಅವರದೊಂದು ಪದ್ಧತಿಯಿತ್ತು. ಅದನ್ನು ಇನ್ನೆಲ್ಲೂ ನಾನು ಕಂಡಿಲ್ಲ. ಕೆಲಸ ಮುಗಿದಿದೆ ಎಂದು ಗಿರಾಕಿಗೆ ಬರೆಯುವ ಮೇಲನ್ನು ಆ ಕೆಲಸ ಮಾಡಿದ ಮೆಕ್ಯಾನಿಕ್ ಕೇಳಿಸಿಕೊಳ್ಳದೆ ಕಳಿಸುವಂತಿಲ್ಲ. ಅವನು ಸಂಜೆ ಟೂಲ್ ಬ್ಯಾಗ್ ಹೆಗಲಲ್ಲೇ ಇಟ್ಟುಕೊಂಡು ಅವರ ಟೇಬಲ್ ಮುಂದೆ ನಿಲ್ಲಬೇಕು; ಇವರು ಇಂಗ್ಲಿಷಿನಲ್ಲಿ ಬರೆದದ್ದನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಬೇಕು; ಅವನು ಹೂಂ ಅನ್ನಬೇಕು. ಮೊದಮೊದಲು ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಒಂದು ದಿನ ಯಾವುದೋ ಮನೆಯ ಎಸಿಯಲ್ಲಿ ಗಲೀಜು ಕಟ್ಟಿಕೊಂಡಿತ್ತು, ತೆಗೆದಿದ್ದೇವೆ ಎಂದು ಅವರು ಓದಿದಾಗ ಮುನಿರಾಜು ತಡೆದ. ಗಲೀಜು ಅಂತ ಬರೀಬೇಡಿ ಅಕ್ಕ, ಆಯಮ್ಮ ನನಗೆ ಊಟ ಹಾಕವ್ರೆ, ಧೂಳು ಅನ್ನಿ ಸಾಕು, ಅಂದ. ಮತ್ತೊಂದು ದಿನ ಇನ್ನೊಬ್ಬ ಮೆಕ್ಯಾನಿಕ್, ಕಂಪ್ರೆಸರ್ ಸರಿಮಾಡಿದೆವು ಎಂಬ ಸಾಲಿಗೆ ತಲೆ ಕೆರೆದುಕೊಂಡು, ಸರಿ ಮಾಡಿಲ್ಲಕ್ಕ, ಸದ್ಯಕ್ಕೆ ಓಡ್ತೈತೆ ಅಷ್ಟೆ, ಅಂದ. ಅವರು ಹಾಗೆಯೇ ಬರೆದರು: ಸದ್ಯಕ್ಕೆ ಓಡುತ್ತಿದೆ, ಬೇಸಿಗೆಗೆ ಮುಂಚೆ ಬದಲಿಸಬೇಕಾಗುತ್ತದೆ. ಯಜಮಾನರು ಹೀಗೆಲ್ಲ ಬರೆದರೆ ಗಿರಾಕಿ ಬೇರೆಯವರ ಹತ್ತಿರ ಹೋಗುತ್ತಾನೆ ಎಂದು ಗೊಣಗಿದರು. ಆ ಗಿರಾಕಿ ಹೋಗಲಿಲ್ಲ. ಎಲ್ಲ ಗಿರಾಕಿಗಳೂ ಉಳಿದರು ಎಂದು ಬರೆಯುವ ಆಸೆಯಾಗುತ್ತದೆ. ಇಬ್ಬರು ಮೂವರು ಹೋದದ್ದೂ ನೆನಪಿದೆ.

ಸಿಟ್ಟಿನ ಮೇಲ್‌ಗಳನ್ನು ಓದುವಾಗ ಅವರ ಮುಖ ಮಗುವಿನ ಜ್ವರ ನೋಡುವವರ ಹಾಗಿರುತ್ತಿತ್ತು. ದೊಡ್ಡಬಳ್ಳಾಪುರದ ಕಡೆಯ ಒಂದು ಕಾರ್ಖಾನೆಯ ಮ್ಯಾನೇಜರ್ ಎಲ್ಲವನ್ನೂ ದೊಡ್ಡಕ್ಷರದಲ್ಲೇ ಬರೆಯುತ್ತಿದ್ದ. ಪಾಪ, ಯಾರ ಮೇಲೋ ಕೂಗಾಡಬೇಕಾಗಿತ್ತು, ನಾವು ಸಿಕ್ಕಿದ್ವಿ, ಅನ್ನುತ್ತಿದ್ದರು. ಉತ್ತರ ಮಾತ್ರ ಅದೇ ನಾಲ್ಕು ಸಾಲು: ಏನಾಯಿತು, ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ. ವರ್ಷ ಕಳೆಯುವುದರೊಳಗೆ ಆ ಮನುಷ್ಯ ಸಣ್ಣಕ್ಷರಕ್ಕೆ ಇಳಿದಿದ್ದ. ಇದಕ್ಕೆ ಸಾಕ್ಷಿಯಿದೆ, ಮೊನ್ನೆ ನೋಡಿದೆ.

ಮೊನ್ನೆ ಅಂದೆ. ಕಳೆದ ತಿಂಗಳು ಅವರು ಕೆಲಸ ಬಿಟ್ಟರು. ಸಂಸ್ಥೆಯನ್ನು ಈಗ ಯಜಮಾನರ ಮಗಳು ನಡೆಸುತ್ತಿದ್ದಾಳೆ. ಗಿರಾಕಿಯ ಮೇಲ್‌ಗೆ ತಾನಾಗಿಯೇ ಉತ್ತರ ಬರೆಯುವ ಒಂದು ಕಂಪ್ಯೂಟರ್ ವ್ಯವಸ್ಥೆ ತರಿಸಿದ್ದಾಳೆ. ಅದಕ್ಕೆ ಮಾದರಿಯಾಗಿ ಮೇಡಂ ಬರೆದ ಹಳೆಯ ಮೇಲ್‌ಗಳಲ್ಲಿ ಒಳ್ಳೆಯವನ್ನು ಆರಿಸಿಕೊಡಬೇಕು, ನೀವು ಅವರ ಜೊತೆ ಇದ್ದವರಲ್ಲವೇ ಎಂದು ನನ್ನನ್ನು ಕೇಳಿದಳು. ನಾನು ಅಲ್ಲಿ ಮೂರು ವರ್ಷವಿದ್ದು ಆಮೇಲೆ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾದವನು. ಸಂತೋಷದಿಂದ ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ನಾನು ಹುಡುಕಬೇಕೆಂದಿದ್ದದ್ದು ಒಂದೇ ಒಂದು ಮೇಲನ್ನು. ಅದರ ಕಥೆಯನ್ನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ.

ಆ ಕಥೆ ಆಯುಧಪೂಜೆಯದು. ನಮ್ಮ ಸಂಸ್ಥೆಯಲ್ಲಿ ಒಂದು ರೂಢಿಯಿತ್ತು. ಹಬ್ಬದ ದಿನ ಮೆಕ್ಯಾನಿಕ್‌ಗಳು ಗಿರಾಕಿಗಳ ಜಾಗಕ್ಕೇ ಹೋಗಿ, ಮೆಷಿನ್ ನಿಲ್ಲಿಸಿ, ತೊಳೆದು ಒರೆಸಿ, ವಿಭೂತಿ ಕುಂಕುಮ ಇಟ್ಟು, ಎರಡೂ ಕಡೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ ಪೂಜೆ ಮಾಡಿ ಬರುವುದು. ಪೂಜೆಯಾದ ಮೆಷಿನ್ ಒಂದು ಗಂಟೆಯಾದರೂ ಸುಮ್ಮನಿರಬೇಕು. ಅಷ್ಟು ಹೊತ್ತು ಬಾಗಿಲು ತೆಗೆಯದಿದ್ದರೆ ಕೋಲ್ಡ್ ರೂಮಿಗೆ ಏನೂ ಆಗುವುದಿಲ್ಲ. ಮೆಕ್ಯಾನಿಕ್ ಮುಂದಿನ ಜಾಗಕ್ಕೆ ಹೊರಡುತ್ತಾನೆ. ಆಮೇಲೆ ಮೆಷಿನ್ ಹಾಕುವವರು ಅಲ್ಲಿಯವರೇ. ಹಬ್ಬಕ್ಕೆ ವಾರ ಮುಂಚೆ ಎಲ್ಲ ಗಿರಾಕಿಗಳಿಗೂ ಒಂದು ಮೇಲ್ ಹೋಗುತ್ತಿತ್ತು: ಇಂಥ ಹೊತ್ತಿಗೆ ಪೂಜೆಗೆ ಬರುತ್ತೇವೆ.

ಆ ವರ್ಷ ಕುಂದಾಣದ ಕಡೆಯ ಒಂದು ಗುಲಾಬಿ ತೋಟದ ಕೋಲ್ಡ್ ರೂಮಿಗೆ ಮುನಿರಾಜು ಹೋಗಿದ್ದ. ಪೂಜೆ ಮಾಡಿ, ಹೂವು ಬಾಳೆಕಂದು ತೆಗೆದು ಆಮೇಲೆ ಮೆಷಿನ್ ಹಾಕು ಎಂದು ವಾಚ್‌ಮನ್‌ಗೆ ಹೇಳಿ ಹೊರಟ. ವಾಚ್‌ಮನ್ ಹೊಸಬ, ಉತ್ತರ ಭಾರತದ ಕಡೆಯವನು, ಕನ್ನಡ ಬಾರದು. ಅವನು ಗಂಟೆಯಾದ ಮೇಲೆ ಹಾರ, ಎಲೆ ಎಲ್ಲ ಇದ್ದ ಹಾಗೆಯೇ ಸ್ವಿಚ್ ಹಾಕಿದ. ಗಾಳಿಯ ಸೆಳೆತಕ್ಕೆ ಬಾಳೆಎಲೆ ಮೆಷಿನ್ನಿನ ಜಾಲರಿಗೆ ಮೆತ್ತಿಕೊಂಡಿತು. ಬಿಸಿ ಹೊರಗೆ ಹೋಗದೆ ಮೆಷಿನ್ ತಾನಾಗಿಯೇ ನಿಂತಿತು. ಮಾರನೆಯ ದಿನ ವಿಜಯದಶಮಿ, ತೋಟಕ್ಕೆ ರಜೆ. ಅದರ ಮಾರನೆಯ ದಿನ ಬಾಗಿಲು ತೆಗೆದರೆ, ಮೊಗ್ಗಾಗಿ ಪೇಟೆಗೆ ಹೋಗಬೇಕಾಗಿದ್ದ ಗುಲಾಬಿಯೆಲ್ಲ ಕೋಣೆಯ ತುಂಬ ಅರಳಿ ನಿಂತಿತ್ತು.

ತೋಟದ ಮ್ಯಾನೇಜರಿನಿಂದ ಬಂದ ಮೇಲ್‌ನಲ್ಲಿ ಒಂದೇ ಬೇಡಿಕೆಯಿತ್ತು. ಇದಕ್ಕೆ ಹೊಣೆಯಾದ ವ್ಯಕ್ತಿಯ ಹೆಸರು ಬರೆದು ಕಳಿಸಿ. ಆತ ಇನ್ನು ಮುಂದೆ ನಮ್ಮ ಯಾವ ತೋಟದ ಗೇಟನ್ನೂ ದಾಟಬಾರದು.

ಅವರ ತೋಟಗಳು ಮೂರಿದ್ದವು. ಮುನಿರಾಜುವಿನ ವಾರದ ಅರ್ಧ ಕೆಲಸ ಅಲ್ಲಿಯೇ. ಹೆಸರು ಹೋದರೆ ಅವನನ್ನು ಇಟ್ಟುಕೊಳ್ಳುವುದು ಕಷ್ಟ ಎಂದು ಯಜಮಾನರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ಅರ್ಥವಾಯಿತು. ಹನ್ನೆರಡು ವರ್ಷ ಅನುಭವದ ಮೆಕ್ಯಾನಿಕ್ ಮೆಟ್ಟಿಲ ಮೇಲೆ ಕೂತು ಗ್ಯಾಸಿನ ಒತ್ತಡ ಅಳೆಯುವ ಗೇಜನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ. ಆ ವಾಚ್‌ಮನ್‌ಗೆ ಕೈಸನ್ನೆ ಮಾಡಿಯೂ ತೋರಿಸಿದ್ದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

"ಹೆಸ್ರು ತಾನೇ ಕೇಳಿರೋದು, ಕೊಟ್ಬಿಡಿ," ಅಂದರು ಯಜಮಾನರು.

ನಾನು ಉತ್ತರ ಸಿದ್ಧಪಡಿಸಿದೆ. ವಿಷಾದ, ಭರವಸೆ, ಕೊನೆಯಲ್ಲಿ ಮುನಿರಾಜುವಿನ ಹೆಸರು. ನನಗೇನೂ ಅನ್ನಿಸಲಿಲ್ಲವೇ ಎಂದು ಈಗ ಕೇಳಿಕೊಂಡರೆ, ಅನ್ನಿಸಿತ್ತು ಎಂದು ನೆನಪು ತಕ್ಷಣ ಹೇಳುತ್ತದೆ. ಅಷ್ಟು ಬೇಗ ಹೇಳುವುದರಿಂದಲೇ ನನಗೆ ಅನುಮಾನ.

ಮೇಡಂ ನನ್ನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತರು. ಹಬ್ಬಕ್ಕೆ ಮುಂಚೆ ಹೋಗಿದ್ದ ಮೇಲನ್ನು ತೆಗೆದು ಸುಮಾರು ಹೊತ್ತು ನೋಡಿದರು. ಆಮೇಲೆ ನಾನು ಬರೆದದ್ದನ್ನೆಲ್ಲ ಅಳಿಸಿ ಹೊಸದಾಗಿ ಬಡಿಯತೊಡಗಿದರು. ಪೂಜೆಗೆ ಬರುತ್ತೇವೆಂದು ನಿಮಗೆ ಮೇಲ್ ಕಳಿಸಿದವಳು ನಾನು. ಹೂವು, ಬಾಳೆಕಂದು ತೆಗೆದ ಮೇಲೆಯೇ ಮೆಷಿನ್ ಹಾಕಬೇಕು ಎಂದು ಅದರಲ್ಲಿ ಇರಬೇಕಿತ್ತು, ಇರಲಿಲ್ಲ. ಮೆಕ್ಯಾನಿಕ್ ಬಾಯಿಮಾತಿನಲ್ಲಿ ಹೇಳಿದ್ದಾನೆ. ಬರವಣಿಗೆಯಲ್ಲಿ ಹೇಳಬೇಕಾದದ್ದು ನನ್ನ ಕೆಲಸ. ನೀವು ಕೇಳಿದ ಹೆಸರು ಇದು. ಕೆಳಗೆ ತಮ್ಮ ಪೂರ್ತಿ ಹೆಸರು, ತಂದೆಯ ಹೆಸರು, ಊರು, ಫೋನ್ ನಂಬರು.

ಪದ್ಧತಿಯಂತೆ ಮುನಿರಾಜುವನ್ನು ಒಳಗೆ ಕರೆದು ಕನ್ನಡದಲ್ಲಿ ಓದಿ ಹೇಳಿದರು. ಅವನು ಹೂಂ ಅನ್ನಲಿಲ್ಲ.

"ಬ್ಯಾಡ ಕಣಕ್ಕ, ನನ್ ಹೆಸ್ರೇ ಹಾಕಿ. ಹಾರ ಹಾಕ್ದೋನು ನಾನು."

"ಹಾರ ಹಾಕಿದ್ದು ತಪ್ಪಲ್ಲ ಕಣೋ. ಹೋಗು, ನಿನ್ನ ಕೆಲಸ ನೋಡು."

ನನಗೆ ಗೊತ್ತಿರುವ ಹಾಗೆ ಮೆಕ್ಯಾನಿಕ್ ಒಪ್ಪದೆ ಅವರು ಕಳಿಸಿದ ಮೇಲ್ ಅದೊಂದೇ. ಯಜಮಾನರು ಹಣೆ ಹಿಡಿದುಕೊಂಡರು. ನೀನು ಒಂದು ದಿನ ಸ್ಪ್ಯಾನರ್ ಹಿಡಿದಿದ್ದೀಯೇನಮ್ಮಾ, ಆ ತೋಟದ ಗೇಟಾದರೂ ನೋಡಿದ್ದೀಯಾ ಎಂದು ಕೇಳಿದರು. ನೋಡಿಲ್ಲ, ಇನ್ನು ನೋಡೋಕೂ ಆಗಲ್ಲ ಬಿಡಿ ಎಂದು ಮೇಡಂ ಟಿಫಿನ್ ಬಾಕ್ಸ್ ತೆಗೆದರು.

ಮಾರನೆಯ ದಿನ ಮಧ್ಯಾಹ್ನ ಉತ್ತರ ಬಂತು. ಗಮನಿಸಿದ್ದೇವೆ, ಗುರುವಾರ ಮೆಕ್ಯಾನಿಕ್‌ನನ್ನು ಕಳಿಸಿ. ಅಷ್ಟೇ. ಒಂದು ಒಳ್ಳೆಯ ಮಾತಿಲ್ಲ. ಗುರುವಾರ ಮುನಿರಾಜು ಹೋದ, ಇವತ್ತಿಗೂ ಹೋಗುತ್ತಿದ್ದಾನೆ.

ಇದನ್ನು ನಾನು ತರಗತಿಯಲ್ಲಿ ತ್ಯಾಗದ ಕಥೆಯಾಗಿ ಹೇಳುತ್ತಿದ್ದೆ. ಹೂವು ತೆಗೆದು ಮೆಷಿನ್ ಹಾಕಿ ಎಂಬಂಥ ಸಾಲನ್ನು ಮೇಲ್‌ನಲ್ಲಿ ಬರೆಯುವ ರೂಢಿಯೇ ನಮ್ಮಲ್ಲಿರಲಿಲ್ಲ, ಅದು ಮೆಕ್ಯಾನಿಕ್ ಬಾಯಲ್ಲಿ ಹೇಳುವ ಮಾತು, ಆದರೂ ಆ ಹೆಂಗಸು ಇನ್ನೊಬ್ಬನ ಅನ್ನ ಉಳಿಸಲು ತನ್ನದಲ್ಲದ ತಪ್ಪನ್ನು ಮೈಮೇಲೆ ಎಳೆದುಕೊಂಡರು ಎಂದು. ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಡುತ್ತಿದ್ದರು.

ಮೊನ್ನೆ ಹಳೆಯ ಮೇಲ್‌ಗಳಲ್ಲಿ ಹುಡುಕುತ್ತ ಅದಕ್ಕೂ ಹಿಂದಿನ ವರ್ಷಗಳ ಹಬ್ಬದ ಮೇಲ್‌ಗಳು ಸಿಕ್ಕಿದವು. ಆರು ವರ್ಷದವು, ಆರೂ ಹೆಚ್ಚುಕಡಿಮೆ ಒಂದೇ. ನಮ್ಮ ಮೆಕ್ಯಾನಿಕ್ ಬೆಳಗ್ಗೆ ಹತ್ತಕ್ಕೆ ಬರುತ್ತಾನೆ. ಅವನಿಗೆ ಕಾಫಿ ಸಾಕು, ಊಟಕ್ಕೆ ಒತ್ತಾಯ ಮಾಡಬೇಡಿ, ಇನ್ನೂ ನಾಲ್ಕು ಕಡೆ ಹೋಗಬೇಕು. ಪೂಜೆಯಾಗಿ ಒಂದು ಗಂಟೆಯಾದ ಮೇಲೆ ಹೂವು, ಬಾಳೆಕಂದು ಪೂರ್ತಿ ತೆಗೆದು, ಆಮೇಲೆ ಮೆಷಿನ್ ಹಾಕಿ.

ಏಳನೆಯ ವರ್ಷದ್ದು ನನ್ನದು. ಓದುತ್ತಿದ್ದಂತೆ ಗುರುತು ಸಿಕ್ಕಿತು. ಅಷ್ಟು ಉದ್ದದ ವಾಕ್ಯಗಳನ್ನು ಆ ಆಫೀಸಿನಲ್ಲಿ ಇನ್ನಾರೂ ಬರೆಯುತ್ತಿರಲಿಲ್ಲ. ಶ್ರಮ ಮತ್ತು ಯಂತ್ರದ ಸಂಬಂಧದ ಬಗ್ಗೆ ಒಂದು ಪ್ಯಾರಾ, ಹಬ್ಬದ ಹಾರೈಕೆಯದು ಇನ್ನೊಂದು. ಕಾಫಿ ಹೋಗಿತ್ತು. ಬಾಳೆಕಂದೂ ಹೋಗಿತ್ತು.

ಆ ಸಾಲನ್ನು ತೆಗೆದದ್ದು ನನಗೆ ನೆನಪಿಲ್ಲ. ಎಷ್ಟು ತಡಕಾಡಿದರೂ ಇಲ್ಲ. ಅದು ಇರಲೇ ಇಲ್ಲ ಎಂದು ಇಷ್ಟು ವರ್ಷ ಮಕ್ಕಳಿಗೆ ಪಾಠ ಮಾಡಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಅಂದರೆ ಅವತ್ತು ಬರೆಯಬೇಕಾಗಿದ್ದ ಹೆಸರು ಮುನಿರಾಜುವಿನದೂ ಅಲ್ಲ, ಅವರದೂ ಅಲ್ಲ. ಬರೆಯಬೇಕಾಗಿದ್ದ ಹೆಸರಿನವನು ಅವರ ಬೆನ್ನ ಹಿಂದೆಯೇ ನಿಂತಿದ್ದ.

ಭಾನುವಾರ ಸಮೇತನಹಳ್ಳಿಗೆ ಹೋದೆ. ಅವರು ಪಡಸಾಲೆಯಲ್ಲಿ ಕೂತು, ಗಂಡ ತೋಟದಿಂದ ತಂದು ಹಾಕಿದ್ದ ಕೊತ್ತಂಬರಿ ಸೊಪ್ಪನ್ನು ಕಟ್ಟು ಕಟ್ಟುತ್ತಿದ್ದರು. ಮೈ ಸ್ವಲ್ಪ ಇಳಿದಿತ್ತು, ಕೈಯ ವೇಗ ಇಳಿದಿರಲಿಲ್ಲ. ಕಾಲೇಜು, ಮಕ್ಕಳು, ಎಲ್ಲ ವಿಚಾರಿಸಿದರು. ನಾನು ಹೆಚ್ಚು ಹೊತ್ತು ಸುತ್ತಿ ಬಳಸಲಿಲ್ಲ.

"ಮೇಡಂ, ಆವತ್ತಿನ ಹಬ್ಬದ ಮೇಲ್‌ನಲ್ಲಿ ಆ ಸಾಲು ತೆಗ್ದೋನು ನಾನು."

"ಹೂಂ."

"ನಿಮಗೆ ಆವಾಗ್ಲೇ ಗೊತ್ತಿತ್ತಾ?"

"ಗೊತ್ತಿಲ್ದೆ ಇರುತ್ತಾ? ಆರು ವರ್ಷ ನಾನೇ ಬರ್ದಿದ್ದು."

ಹಾಗಾದರೆ ನನ್ನ ಹೆಸರನ್ನು ಯಾಕೆ ಹೇಳಲಿಲ್ಲ, ಕೊನೇಪಕ್ಷ ನನಗಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಕಟ್ಟಿನ ಬೇರಿಗೆ ಹತ್ತಿದ್ದ ಮಣ್ಣು ಕೊಡವಿದರು.

"ನೀನು ಬರ್ದೆ. ಓದಿ ಕಳಿಸ್ದೋಳು ಯಾರು? ಓದ್ತಿದ್ದಂಗೇ ಗೊತ್ತಾಯ್ತು, ಆ ಸಾಲು ಇಲ್ಲ ಅಂತ. ಕೈ ನಿಂತ್ಬಿಡ್ತು. ಆದ್ರೆ ನಿನ್ನ ಇಂಗ್ಲಿಷು ಅಷ್ಟು ಚೆನ್ನಾಗಿತ್ತು ಕಣಪ್ಪಾ, ಅದ್ರ ಮಧ್ಯ ನನ್ನ ಬಾಳೆಕಂದು ತಂದು ನಿಲ್ಸೋಕೆ ನಾಚ್ಕೆ ಆಯ್ತು. ಎಂಎ ಓದ್ದೋನು ಬರ್ದಿದಾನೆ, ಇರ್ಲಿ ಬಿಡು ಅಂತ ಕಳಿಸ್ಬಿಟ್ಟೆ. ಹಬ್ಬದ ಮೇಲ್ ಅಂತ ಮೆಕ್ಯಾನಿಕ್‌ಗೂ ಓದಿ ಹೇಳ್ಲಿಲ್ಲ. ಹೇಳಿದ್ರೆ ಮುನಿರಾಜು ಅವಾಗ್ಲೇ ಹಿಡೀತಿದ್ದ. ನಾಚ್ಕೆ ಪಟ್ಟೋಳು ನಾನು, ಅವನ್ಯಾಕೆ ಕೆಲಸ ಕಳ್ಕೊಬೇಕು?"

ತ್ಯಾಗವೆಂದು ಇಷ್ಟು ವರ್ಷ ನಾನು ಹೇಳಿದ್ದು ತ್ಯಾಗವೇ ಆಗಿರಲಿಲ್ಲ. ಅವತ್ತು ಅವರು ಯಾರ ತಪ್ಪನ್ನೂ ಹೊತ್ತುಕೊಂಡಿರಲಿಲ್ಲ. ಹೊಣೆ ಯಾರದೆಂದು ಗಿರಾಕಿ ಕೇಳಿದ್ದ, ಇವರು ತಮಗೆ ಕಂಡ ನಿಜವನ್ನು ಬರೆದಿದ್ದರು. ನಾನು ಓದಿದ ಪುಸ್ತಕಗಳಲ್ಲಿ ದೊಡ್ಡ ದೊಡ್ಡ ತ್ಯಾಗಗಳು ಬೇಕಾದಷ್ಟಿವೆ. ಇಷ್ಟು ನಿಖರವಾಗಿ ತನ್ನ ಪಾಲನ್ನು ಅಳೆದು, ಒಂದು ಕಾಳು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಒಪ್ಪಿಕೊಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ. ನನ್ನ ನೆನಪುಗಳಲ್ಲಿ ಎಷ್ಟು ಸುಳ್ಳಿದ್ದರೂ ಇರಲಿ, ಮೂರು ವರ್ಷ ಅವರ ಪಕ್ಕದ ಕುರ್ಚಿ ನನ್ನದಾಗಿತ್ತು. ಅದನ್ನು ಎಲ್ಲಿ ಬೇಕಾದರೂ ತಲೆಯೆತ್ತಿ ಹೇಳುತ್ತೇನೆ.

ಆದರೂ ನನ್ನ ಬುದ್ಧಿ ಬಿಡಬೇಕಲ್ಲ. ಅವರ ಕೈ ನಿಂತದ್ದಕ್ಕೆ, ನಾಚಿಕೆಪಟ್ಟದ್ದಕ್ಕೆ ಹಳೆಯ ಮೇಲ್‌ಗಳಲ್ಲಿ ಎಲ್ಲೂ ಸಾಕ್ಷಿಯಿಲ್ಲ. ನನ್ನ ಸಮಾಧಾನಕ್ಕೆ ಹೀಗೆ ಹೇಳ್ತಿದ್ದೀರಾ ಎಂದು ಕೇಳಿಯೇಬಿಟ್ಟೆ.

"ನಿನ್ನ ಸಮಾಧಾನ ಕಟ್ಕೊಂಡು ನನಗೇನಾಗ್ಬೇಕು? ಆ ಬಾಳೆನಾರು ಇತ್ತ ಕೊಡು."

ಕೊಟ್ಟೆ. ಅವರು ಮುಂದಿನ ಕಟ್ಟಿಗೆ ಕೈ ಹಾಕಿದರು.